‘ತಾಯಿಕೋಶದಿಂದ ಮಗಳುಕೋಶಕ್ಕೆ’: ಎಪಿಜೆನೆಟಿಕ್ಸ್‌ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ, ನಮಸ್ಕಾರ.

ಒಂದು ಪದ ಬೇಕಾಗಿದೆ. ಕೆಲವು ತಿಂಗಳಿಂದ ಹುಡುಕುತ್ತಿದ್ದೇನೆ, ಯಾವುದೂ ಸರಿಯಾಗಿ ಕೂರುತ್ತಿಲ್ಲ. ಯಾಕೆ ಬೇಕು ಅನ್ನೋದನ್ನು ಮೊದಲು ಹೇಳಿಬಿಡುತ್ತೇನೆ. ಆಗ ನಿಮಗೂ ತೂಗಿ ನೋಡಲು ಸುಲಭ.

ನಮ್ಮದು ಸಾಗರದ ಕಡೆಯ ಅಡಿಕೆ ತೋಟದ ಮನೆ. ನನ್ನ ಚಿಕ್ಕಮ್ಮನಿಗೆ ಕೆನ್ನೆಯ ಒಳಗೆ ಒಂದು ಹುಣ್ಣಾಗಿತ್ತು. ಮೂರು ತಿಂಗಳಾದರೂ ಮಾಯಲಿಲ್ಲ. ಅವರು ಮದುವೆಯಾಗಿ ಬಂದಾಗಿನಿಂದ ಕವಳ, ಅಂದರೆ ಎಲೆ ಅಡಿಕೆ, ಹಾಕುತ್ತಿದ್ದರು, ಹೊಗೆಸೊಪ್ಪು ಸೇರಿಸಿಯೇ. ಆಸ್ಪತ್ರೆಯಲ್ಲಿ ಚೂರು ತೆಗೆದು ಪರೀಕ್ಷೆ ಮಾಡಿದರು, ಕ್ಯಾನ್ಸರ್ ಅಂತ ಬಂತು. ಆಪರೇಷನ್ ಆಯಿತು, ಆಮೇಲೆ ಆರು ವಾರ ಕರೆಂಟು ಕೊಟ್ಟರು. ರೇಡಿಯೇಷನ್‌ಗೆ ನಮ್ಮ ಕಡೆ ಜನ ಹಾಗೇ ಹೇಳುವುದು. ಈಗ ಆರಾಮಾಗಿದ್ದಾರೆ.

ಆ ಆಸ್ಪತ್ರೆಯಲ್ಲಿ ಒಂದು ಕರಪತ್ರ ಕೊಟ್ಟಿದ್ದರು. ‘ತಲೆ ಮತ್ತು ಕತ್ತಿನ ಕ್ಯಾನ್ಸರ್‌ನಲ್ಲಿ ಎಪಿಜೆನೆಟಿಕ್ಸ್‌ನ ಪಾತ್ರ’ ಅಂತ ಹೆಸರು. ರೋಗಿಗಳಿಗೂ ಹೊಸ ವಿಜ್ಞಾನ ತಿಳಿಯಲಿ ಅನ್ನುವ ಒಳ್ಳೆಯ ಉದ್ದೇಶದಿಂದಲೇ ಮಾಡಿದ್ದು. ಅದರಲ್ಲಿ ಒಂದು ಸಾಲು ಹೀಗಿತ್ತು: ‘ಈ ಬದಲಾವಣೆಗಳು ತಾಯಿಕೋಶದಿಂದ ಮಗಳುಕೋಶಕ್ಕೆ ಅನುವಂಶಿಕವಾಗಿ ಸಾಗುತ್ತವೆ.’

ಚಿಕ್ಕಮ್ಮ ಅದನ್ನು ಎರಡು ಸಲ ಓದಿದರು. ಕನ್ನಡಕ ತೆಗೆದರು. ಅವರ ಮಗಳಿಗೆ ಆಗ ಗಂಡು ನೋಡುತ್ತಿದ್ದರು. ‘ಅಲ್ಲ ಮಗಾ, ತಾಯಿಂದ ಮಗಳಿಗೆ ಬರತ್ತೆ ಅಂತ ಬರ್ದಿದಾರಲ್ಲ. ನಮ್ಮ ಹುಡುಗಿಗೂ ಬರತ್ತಾ? ಗಂಡಿನ ಕಡೆಯವರಿಗೆ ಈಗಲೇ ಹೇಳ್ಬೇಕಾ?’

ನನಗೆ ಆ ಕ್ಷಣ ಮಾತೇ ಹೊರಡಲಿಲ್ಲ. ಕರಪತ್ರದ ಸಾಲಿನಲ್ಲಿ ವಿಜ್ಞಾನದ ತಪ್ಪು ಒಂದೂ ಇಲ್ಲ. ಎಪಿಜೆನೆಟಿಕ್ಸ್‌ಗೆ ಕೊಡುವ ವ್ಯಾಖ್ಯೆಯಲ್ಲೇ ಆ ಮಾತು ಇದೆ: ಒಂದು ಜೀವಕೋಶ ಒಡೆದು ಎರಡಾದಾಗ ಹಳೆಯದರ ಗುರುತು ಹೊಸ ಎರಡಕ್ಕೂ ಬರುತ್ತದೆ. ಹಾಗೆ ಬರುವುದು ಒಬ್ಬರ ಮೈಯ ಒಳಗೆ, ಆ ಹುಣ್ಣಿನ ಒಳಗೆ. ಹೊಟ್ಟೆಯಲ್ಲಿ ಹುಟ್ಟಿದ ಮಗಳಿಗಲ್ಲ. ಆದರೆ ಕನ್ನಡದಲ್ಲಿ ತಾಯಿ, ಮಗಳು, ಅನುವಂಶಿಕ ಮೂರನ್ನೂ ಒಂದೇ ಸಾಲಿನಲ್ಲಿ ಇಟ್ಟರೆ ಯಾವ ತಾಯಿ ತಾನೇ ಬೇರೆ ಅರ್ಥ ಮಾಡಿಕೊಂಡಾಳು?

ಆ ಕರಪತ್ರವನ್ನು ತಿದ್ದಿ ಬರೆಯುವ ಕೆಲಸವನ್ನು ನಾನೇ ಕೇಳಿ ತೆಗೆದುಕೊಂಡಿದ್ದೇನೆ. ಅವರು ಸಂತೋಷದಿಂದ ಒಪ್ಪಿದ್ದಾರೆ. ಅದಕ್ಕೇ ಈ ಪತ್ರ.

ಮೊದಲು ವಿಷಯ ಏನು ಅಂತ ನನಗೆ ತಿಳಿದ ಮಟ್ಟಿಗೆ ಹೇಳುತ್ತೇನೆ. ನಮ್ಮ ಮೈಯ ಹೆಚ್ಚುಕಡಿಮೆ ಎಲ್ಲ ಜೀವಕೋಶಗಳಲ್ಲೂ ಇರುವುದು ಒಂದೇ ಡಿಎನ್‌ಎ. ಆದರೂ ಕೆನ್ನೆಯ ಕೋಶ ಕೆನ್ನೆಯದಾಗಿಯೇ ಉಳಿಯುತ್ತದೆ, ಪಿತ್ತಕೋಶದ್ದು ಪಿತ್ತಕೋಶದ್ದಾಗಿಯೇ. ಯಾಕೆಂದರೆ ಡಿಎನ್‌ಎ ಒಂದು ಪುಸ್ತಕ ಅಂದುಕೊಂಡರೆ, ಯಾವ ಕೋಶವೂ ಅದನ್ನು ಪೂರ್ತಿ ಓದುವುದಿಲ್ಲ, ತನಗೆ ಬೇಕಾದ ಪುಟಗಳನ್ನಷ್ಟೇ ಓದುತ್ತದೆ. ಯಾವ ಪುಟ ತೆರೆದಿರಬೇಕು, ಯಾವುದು ಮುಚ್ಚಿರಬೇಕು ಅನ್ನುವುದಕ್ಕೆ ಡಿಎನ್‌ಎ ಮೇಲೆ ಗುರುತುಗಳಿವೆ. ಅದರಲ್ಲಿ ಮುಖ್ಯವಾದದ್ದು ಮೀಥೈಲ್ ಅನ್ನುವ ಸಣ್ಣ ರಾಸಾಯನಿಕ ಗುಂಪು: ಒಂದು ಕಾರ್ಬನ್, ಮೂರು ಹೈಡ್ರೋಜನ್, ಅಷ್ಟೇ. ಅದು ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಸೈಟೋಸಿನ್ ಅನ್ನುವುದರ ಮೇಲೆ ಹೋಗಿ ಕೂರುತ್ತದೆ. ಒಂದು ಜೀನ್, ಅಂದರೆ ಆ ಪುಸ್ತಕದ ಒಂದು ಪುಟ, ಶುರುವಾಗುವ ಜಾಗದಲ್ಲಿ ಇಂಥ ಗುರುತು ಒತ್ತೊತ್ತಾಗಿ ಬಿದ್ದರೆ ಆ ಜೀನನ್ನು ಕೋಶ ಓದುವುದಿಲ್ಲ. ಇನ್ನೊಂದು ಬಗೆಯೂ ಇದೆ. ಡಿಎನ್‌ಎ ಎಳೆ ಹಿಸ್ಟೋನ್ ಅನ್ನುವ ಪ್ರೋಟೀನ್‌ಗಳಿಗೆ ದಾರದ ಉಂಡೆಯ ಹಾಗೆ ಸುತ್ತಿಕೊಂಡಿರುತ್ತದೆ. ಎಂಟು ಹಿಸ್ಟೋನ್‌ಗಳ ಒಂದೊಂದು ಗುಂಪಿಗೆ ಸುಮಾರು 147 ಜೋಡಿ ಅಕ್ಷರ. ಸುತ್ತು ಬಿಗಿಯಾದರೆ ಓದಲು ಆಗುವುದಿಲ್ಲ, ಸಡಿಲವಾದರೆ ಆಗುತ್ತದೆ. ಬಿಗಿ ಮಾಡುವುದು, ಸಡಿಲ ಮಾಡುವುದು ಕೂಡ ಗುರುತುಗಳ ಕೆಲಸವೇ. ಈ ಗುರುತುಗಳನ್ನು ಬರೆಯುವ ಕಿಣ್ವಗಳಿವೆ, ಅಳಿಸುವ ಕಿಣ್ವಗಳಿವೆ, ಓದುವ ಪ್ರೋಟೀನ್‌ಗಳೂ ಇವೆ. ವಿಜ್ಞಾನಿಗಳೇ ಹಾಗೆ ಕರೆಯುತ್ತಾರೆ. ಅಂದರೆ ಇಡೀ ಶಾಸ್ತ್ರ ಆಗಲೇ ಬರಹ, ಓದು, ಗುರುತು ಅನ್ನುವ ಮಾತಿನಲ್ಲಿ ನಡೆಯುತ್ತಿದೆ. ಇದು ನಮಗೆ ಅನುಕೂಲ.

ಈಗ ಬಾಯಿಯ ಕ್ಯಾನ್ಸರ್‌ಗೆ ಬರೋಣ. ಪಿ16 ಅಂತ ಒಂದು ಪ್ರೋಟೀನ್ ಇದೆ. ಪಿ ಅಂದರೆ ಪ್ರೋಟೀನ್, 16 ಅಂದರೆ ಅದರ ತೂಕ, ಕಿಲೋಡಾಲ್ಟನ್ ಅನ್ನುವ ಅಳತೆಯಲ್ಲಿ. ಹೆಸರೇನೋ ಸಪ್ಪೆ, ಕೆಲಸ ಮಾತ್ರ ದೊಡ್ಡದು. ಕೋಶ ಸುಮ್ನೆ ಒಡೆದು ಒಡೆದು ಬೆಳೆಯದ ಹಾಗೆ ಬ್ರೇಕು ಹಾಕುವುದು ಅದು. ಹೊಗೆಸೊಪ್ಪು, ಅಡಿಕೆ, ಬೀಡಿ, ಹೆಂಡದ ಜೊತೆ ಬರುವ ಬಾಯಿ ಮತ್ತು ಗಂಟಲ ಕ್ಯಾನ್ಸರ್‌ಗಳಲ್ಲಿ ಈ ಬ್ರೇಕು ಬಹಳ ಸಲ ಕೈಕೊಟ್ಟಿರುತ್ತದೆ. ಅದು ಕೆಡುವ ದಾರಿ ಮೂರು. ಕೆಲವರಲ್ಲಿ ಆ ಪ್ರೋಟೀನಿನ ಜೀನ್ ಪೂರ್ತಿ ಕಳೆದುಹೋಗಿರುತ್ತದೆ, ಅದು ಹರಿದುಹೋದ ಪುಟ. ಕೆಲವರಲ್ಲಿ ಅಕ್ಷರ ತಪ್ಪಾಗಿರುತ್ತದೆ, ಅದು ಅಚ್ಚಿನ ತಪ್ಪು. ಇನ್ನು ಕೆಲವರಲ್ಲಿ ಒಂದಕ್ಷರವೂ ತಪ್ಪಿಲ್ಲ, ಮೀಥೈಲ್ ಗುರುತು ಬಿದ್ದು ಮುಚ್ಚಿಹೋಗಿದೆ. ಅದು ಅಂಟಿಕೊಂಡ ಪುಟ. ಈ ಮೂರನೆಯದೇ ಎಪಿಜೆನೆಟಿಕ್. ಕೆಟ್ಟ ಡಿಎನ್‌ಎಯನ್ನು ದುರಸ್ತಿ ಮಾಡುವ ಎಂಜಿಎಂಟಿ, ಕೋಶಗಳನ್ನು ಒಂದಕ್ಕೊಂದು ಹಿಡಿದಿಡುವ ಇ-ಕ್ಯಾಡ್‌ಹೆರಿನ್, ಇವುಗಳ ಜೀನ್‌ಗಳೂ ಈ ಕ್ಯಾನ್ಸರ್‌ಗಳಲ್ಲಿ ಹೀಗೆ ಮುಚ್ಚಿಹೋಗಿರುವುದು ಕಂಡುಬಂದಿದೆ. ಇನ್ನೊಂದು ಕಡೆ, ಮುಚ್ಚಿರಬೇಕಾದ ಪುಟಗಳು ತೆರೆದುಕೊಳ್ಳುವುದೂ ಇದೆ. ಕ್ಯಾನ್ಸರ್ ಕೋಶಗಳಲ್ಲಿ ಮೀಥೈಲ್ ಕಡಿಮೆಯಾಗುತ್ತದೆ ಅಂತ 1983ರಲ್ಲೇ ತೋರಿಸಿದ್ದರು.

ಹೊಗೆಸೊಪ್ಪಿನ ಜೊತೆ ಬರೀ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ನಮ್ಮ ಊಟ ಬರುವುದು ಅದರಿಂದಲೇ, ಅದನ್ನು ಬರೆಯುವಾಗ ಕೈ ತಡೆಯುತ್ತದೆ. ಆದರೂ ಕರಪತ್ರದಲ್ಲಿ ಅದನ್ನು ಬಿಡುವ ಹಾಗಿಲ್ಲ.

ಈಗ ಪದಗಳು. ಮೊದಲ ತೊಡಕು ಜೀನ್. ನಮ್ಮ ಪಠ್ಯಪುಸ್ತಕಗಳಲ್ಲಿ ಅದು ವಂಶವಾಹಿ. ವಂಶವನ್ನು ಹೊತ್ತು ತರುವುದು ಅನ್ನುವ ಅರ್ಥ. ಕೂದಲ ಬಣ್ಣ, ರಕ್ತದ ಗುಂಪು ಇವುಗಳ ಮಾತಾಡುವಾಗ ಸೊಗಸಾದ ಪದ. ಆದರೆ ಹುಣ್ಣಿನ ಒಳಗೆ, ಐವತ್ತನೆಯ ವಯಸ್ಸಿನಲ್ಲಿ, ಕವಳದಿಂದ ಕೆಟ್ಟ ಜೀನಿಗೂ ವಂಶವಾಹಿ ಅಂದರೆ ಅದು ಮನೆತನದ ದೋಷ ಅಂತಲೇ ಕೇಳಿಸುತ್ತದೆ. ವಂಶದಲ್ಲೇ ಬಂದು ಬಾಯಿ ಕ್ಯಾನ್ಸರ್‌ಗೆ ದಾರಿ ಮಾಡುವ ಕಾಯಿಲೆಗಳು ಇಲ್ಲವೆಂದಲ್ಲ. ಫಾಂಕೋನಿ ಅನೀಮಿಯ ಅಂಥದ್ದು, ಬಹಳ ಅಪರೂಪ. ಉಳಿದ ಬಹುಪಾಲು ಜನರಲ್ಲಿ ಕೆಟ್ಟಿರುವುದು ಆ ಜಾಗದ ಕೋಶಗಳ ಜೀನ್ ಮಾತ್ರ. ಅದು ಮಕ್ಕಳಿಗೆ ಹೋಗುವುದಿಲ್ಲ. ಹೀಗಿರುವಾಗ ‘ವಂಶ’ ಸೇರಿದ ಯಾವ ಪದವನ್ನೂ ಈ ಕರಪತ್ರದಲ್ಲಿ ಬಳಸಬಾರದು ಅಂತ ತೀರ್ಮಾನಿಸಿದ್ದೇನೆ. ಅನುವಂಶಿಕವೂ ಬೇಡ, ಅದರ ಹಿಂದೆ ಮುಂದೆ ಏನಾದರೂ ಸೇರಿಸಿ ಕಟ್ಟುವ ಪದವೂ ಬೇಡ.

ಗುಣಾಣು ಅನ್ನುವ ಪದವೂ ಇದೆಯಲ್ಲ, ಅದಕ್ಕೆ ವಂಶದ ನಂಟಿಲ್ಲ. ನನಗೂ ಇಷ್ಟದ ಪದವೇ. ಚಿಕ್ಕಮ್ಮನ ಮುಂದೆ ಓದಿ ನೋಡಿದೆ. ‘ಅದೇನು ರೋಗಾಣು ಥರದ್ದಾ?’ ಅಂದರು. ರೋಗಾಣು, ಕೀಟಾಣು, ಜೀವಾಣು ಕೇಳಿದ ಕಿವಿಗೆ ಗುಣಾಣು ಕೂಡ ಹೊರಗಿಂದ ಒಳಗೆ ಹೊಕ್ಕ ಹುಳುವೇ. ತಳಿ ಅನ್ನೋಣವೆಂದರೆ ಅದು ಭತ್ತಕ್ಕೆ, ದನಕ್ಕೆ ಹೇಳುವ ಮಾತು. ಕೊನೆಗೆ ಜೀನ್ ಅಂತಲೇ ಇಟ್ಟುಕೊಂಡೆ. ಮೊದಲ ಸಲ ಬಂದಾಗ ‘ಜೀನ್ ಅಂದರೆ ಕೋಶ ಏನು ಮಾಡಬೇಕು ಅಂತ ಹೇಳುವ ಬರಹ’ ಅಂತ ಒಂದು ಸಾಲು ಬರೆದಿದ್ದೇನೆ. ಇದಕ್ಕೆ ನಿಮ್ಮ ಒಪ್ಪಿಗೆ ಇದೆಯೇ?

ಎರಡನೆಯದು ಎಪಿ. ಗ್ರೀಕಿನಲ್ಲಿ ಅದಕ್ಕೆ ‘ಮೇಲೆ’ ಅಂತ ಅರ್ಥ. ನಾವು ಅದನ್ನು ಒಂದೊಂದು ಕಡೆ ಒಂದೊಂದು ಥರ ತಂದಿದ್ದೇವೆ. ಎಪಿಡರ್ಮಿಸ್ ಹೊರಚರ್ಮವಾಯಿತು, ಎಪಿಥೀಲಿಯಂ ಅನುಲೇಪಕ ಅಂಗಾಂಶವಾಯಿತು. ಬಾಯಿ ಕ್ಯಾನ್ಸರ್ ಹುಟ್ಟುವುದು ಹೆಚ್ಚಾಗಿ ಆ ಅನುಲೇಪಕದಲ್ಲೇ. ಹಾಗಾಗಿ ಒಂದೇ ಪುಟದಲ್ಲಿ ಎರಡು ಎಪಿ ಬರುತ್ತವೆ, ಎರಡಕ್ಕೂ ಸಂಬಂಧವಿಲ್ಲ.

ಇನ್ನೊಂದು ವಿಷಯ ನನಗೆ ಈಚೆಗೆ ತಿಳಿದದ್ದು. ಎಪಿಜೆನೆಟಿಕ್ಸ್ ಪದವನ್ನು ಬ್ರಿಟನ್ನಿನ ಜೀವವಿಜ್ಞಾನಿ ಕಾನ್ರಾಡ್ ವಾಡಿಂಗ್ಟನ್ ಬಳಕೆಗೆ ತಂದದ್ದು 1942ರಲ್ಲಿ. ಡಿಎನ್‌ಎಯ ಆಕಾರ ಗೊತ್ತಾದದ್ದು 1953ರಲ್ಲಿ. ಅಂದರೆ ಆ ಪದ ಹುಟ್ಟಿದಾಗ ‘ಡಿಎನ್‌ಎ ಮೇಲಿನ ಗುರುತು’ ಅನ್ನುವ ಅರ್ಥ ಇರಲು ಸಾಧ್ಯವೇ ಇರಲಿಲ್ಲ. ಅವರು ಅದನ್ನು ಕಟ್ಟಿದ್ದು ಎಪಿಜೆನೆಸಿಸ್ ಅನ್ನುವ ಹಳೆಯ ಪದದಿಂದ. ಜೀವಿ ಮೊದಲೇ ಪುಟ್ಟದಾಗಿ ತಯಾರಾಗಿ ಕೂತಿರುವುದಿಲ್ಲ, ಭ್ರೂಣದಿಂದ ಹಂತ ಹಂತವಾಗಿ ರೂಪಗೊಳ್ಳುತ್ತದೆ ಅನ್ನುವ ವಿಚಾರಕ್ಕೆ ಆ ಹೆಸರು. ಅರಿಸ್ಟಾಟಲ್ ಕಾಲದಿಂದ ಬಂದ ವಿಚಾರ. ‘ಮೇಲಿನ ಗುರುತು’ ಅನ್ನುವ ಅರ್ಥ ಆಮೇಲೆ ಸೇರಿಕೊಂಡದ್ದು. ಮೂಲದಲ್ಲೇ ಅರ್ಥ ಹೀಗೆ ಸರಿದಿರುವಾಗ ನಾವು ಒಂದೊಂದು ತುಂಡನ್ನೂ ಕನ್ನಡಕ್ಕೆ ತಿರುಗಿಸಬೇಕಾಗಿಲ್ಲ ಅಂತ ನನಗನ್ನಿಸುತ್ತದೆ. ಇವತ್ತು ಆ ಪದ ಏನು ಹೇಳುತ್ತಿದೆಯೋ ಅದನ್ನು ಹೇಳಿದರೆ ಸಾಕು.

ಹಾಗೆ ಯೋಚಿಸುತ್ತಾ ನನಗೆ ಹೊಳೆದದ್ದು ‘ಮೇಲ್ಗುರುತು’. ಮೇಲ್ನೋಟ, ಮೇಲ್ಮೈ, ಮೇಲ್ಬರಹ, ಮೇಲ್ವಿಚಾರಣೆ ಎಲ್ಲ ನಮ್ಮಲ್ಲಿವೆ. ಮೇಲ್ವಿಚಾರಣೆಯಲ್ಲಿ ಬರೀ ಜಾಗದ ಅರ್ಥವಲ್ಲ, ಹಿಡಿತದ ಅರ್ಥವೂ ಇದೆ. ಇಲ್ಲಿ ಎರಡೂ ಬೇಕು. ಶಾಲೆಯಲ್ಲಿ ಪದ್ಯಕ್ಕೆ ಪ್ರಸ್ತಾರ ಹಾಕುವಾಗ ಅಕ್ಷರದ ಮೇಲೆ ಲಘು, ಗುರು ಗುರುತು ಹಾಕುತ್ತಿದ್ದೆವು ಅಲ್ವಾ? ಪದ್ಯದ ಒಂದಕ್ಷರವೂ ಬದಲಾಗುತ್ತಿರಲಿಲ್ಲ. ಆದರೆ ಹೇಗೆ ಓದಬೇಕು ಅನ್ನುವುದು ಮೇಲಿನ ಗುರುತು ನೋಡಿದ ಕೂಡಲೇ ಗೊತ್ತಾಗುತ್ತಿತ್ತು. ಈ ಹೋಲಿಕೆ ಪೂರ್ತಿ ಹೊಂದುವುದಿಲ್ಲ. ಲಘು ಗುರು ಅಕ್ಷರವನ್ನು ನೋಡಿಯೇ ಹಾಕುವಂಥದ್ದು. ಮೀಥೈಲ್ ಹಾಗಲ್ಲ, ಅದೇ ಅಕ್ಷರದ ಮೇಲೆ ಒಂದು ಕೋಶದಲ್ಲಿ ಇರುತ್ತದೆ, ಪಕ್ಕದ ಕೋಶದಲ್ಲಿ ಇರುವುದಿಲ್ಲ. ಆದರೂ ಮೇಷ್ಟ್ರೊಬ್ಬರಿಗೆ ಹೀಗೆ ಹೇಳಿದಾಗ ಅವರಿಗೆ ತಕ್ಷಣ ಅರ್ಥವಾಯಿತು.

ಮೇಲ್ಗುರುತಿಗೆ ಒಂದು ಆಕ್ಷೇಪ ನಾನೇ ಎತ್ತುತ್ತೇನೆ. ಮೈಕ್ರೋ ಆರ್‌ಎನ್‌ಎ ಅನ್ನುವ ಚಿಕ್ಕ ತುಣುಕುಗಳನ್ನೂ ಈ ಶಾಸ್ತ್ರದೊಳಗೆ ಸೇರಿಸುತ್ತಾರೆ. ಅವು ಗುರುತೇ ಅಲ್ಲ. ಜೀನ್ ಕಳಿಸಿದ ಸಂದೇಶವನ್ನು ದಾರಿಯಲ್ಲಿ ತಡೆಯುವಂಥವು. ಹಾಗಾಗಿ ಶಾಸ್ತ್ರಕ್ಕೆ ಎಪಿಜೆನೆಟಿಕ್ಸ್ ಅಂತಲೇ ಇರಲಿ, ಗುರುತಿಗೆ ಮಾತ್ರ ಮೇಲ್ಗುರುತು ಅನ್ನೋಣ ಅನ್ನುವುದು ನನ್ನ ಸದ್ಯದ ಒಲವು. ರೋಗಿಗೆ ಬೇಕಾದದ್ದು ಶಾಸ್ತ್ರದ ಹೆಸರಲ್ಲ, ತನ್ನ ಬಾಯೊಳಗೆ ಏನಾಗಿದೆ ಅನ್ನುವುದು.

ಜೀನ್ ಮುಚ್ಚಿಹೋಗುವುದಕ್ಕೆ ಏನನ್ನಬೇಕು? ಕರಪತ್ರದಲ್ಲಿ ‘ವಂಶವಾಹಿಯ ಮೌನಗೊಳಿಸುವಿಕೆ’ ಅಂತಿದೆ. ಬಾಯಿ ಮುಚ್ಚಿಸುವುದು, ಬಾಯಿ ಕಟ್ಟುವುದು ಅನ್ನುವ ಮಾತುಗಳು ಆಡುನುಡಿಗೆ ಹತ್ತಿರ. ಆದರೆ ಇದನ್ನು ಓದುವವರಲ್ಲಿ ಎಷ್ಟೋ ಜನಕ್ಕೆ ನಿಜವಾಗಿಯೂ ಬಾಯಿ ತೆರೆಯಲು ಬರುವುದಿಲ್ಲ. ಅಡಿಕೆ ಜಗಿದು ಕೆನ್ನೆಯ ಒಳಗೆ ನಾರುಗಟ್ಟಿ, ಎರಡು ಬೆರಳು ಹೋಗದಷ್ಟು ಬಾಯಿ ಬಿಗಿದಿರುತ್ತದೆ. ಅವರ ಮುಂದೆ ಆ ಮಾತು ಬಳಸಲು ನನಗೆ ಮನಸ್ಸಿಲ್ಲ. ‘ಸುಮ್ಮನಾದ ಜೀನ್’ ಅಂತ ಬರೆದಿದ್ದೇನೆ. ಸುಮ್ಮನಾದವರು ಮತ್ತೆ ಮಾತಾಡಬಲ್ಲರು. ಸತ್ತ ಜೀನ್, ಕೆಟ್ಟ ಜೀನ್ ಅಂದರೆ ಆ ಅರ್ಥ ಬರುವುದಿಲ್ಲ. ‘ಸದ್ದಡಗಿದ’ ಕೂಡ ಚೆನ್ನ, ಆದರೆ ಸ್ವಲ್ಪ ಕಾವ್ಯದ ಕಡೆ ವಾಲುತ್ತದೆ.

ಇಲ್ಲೇ ಒಂದು ವ್ಯಾಕರಣದ ಪ್ರಶ್ನೆಯೂ ಇದೆ. ಅದು ನನ್ನನ್ನು ಜಾಸ್ತಿ ಕಾಡುತ್ತಿದೆ. ಮೇಲ್ಗುರುತಿನ ವಿಶೇಷವೇ ಅದು ಅಳಿಯಬಲ್ಲದು ಅನ್ನುವುದು. ಹರಿದ ಪುಟ ಮತ್ತೆ ಬರುವುದಿಲ್ಲ, ಅಂಟಿದ ಪುಟವನ್ನು ಬಿಡಿಸಬಹುದು. ಅಜಾಸಿಟಿಡಿನ್ ಅನ್ನುವ ಮೀಥೈಲ್ ಕಡಿಮೆ ಮಾಡುವ ಔಷಧಕ್ಕೆ 2004ರಲ್ಲಿ, ಡೆಸಿಟಾಬಿನ್‌ಗೆ 2006ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಆದರೆ ಅದು ರಕ್ತ ತಯಾರಾಗುವ ಮಜ್ಜೆಯ ಕಾಯಿಲೆಗೆ. ಬಾಯಿ, ಗಂಟಲ ಕ್ಯಾನ್ಸರ್‌ನಲ್ಲಿ ಇಂಥವು ಇನ್ನೂ ಸಂಶೋಧನೆಯ ಹಂತದಲ್ಲಿವೆ. ಇವತ್ತಿಗೂ ಮುಖ್ಯ ಚಿಕಿತ್ಸೆ ಆಪರೇಷನ್, ಕರೆಂಟು, ಕೀಮೋ. ಕರಪತ್ರದಲ್ಲಿ ‘ಈ ಗುರುತುಗಳನ್ನು ಔಷಧದಿಂದ ಅಳಿಸಬಹುದು’ ಅಂತಿತ್ತು. ಬರೆದವರ ಮನಸ್ಸಿನಲ್ಲಿದ್ದದ್ದು ‘ಮುಂದೊಂದು ದಿನ ಸಾಧ್ಯವಾದೀತು’ ಅನ್ನುವುದು. ಚಿಕ್ಕಪ್ಪ ಅದನ್ನು ಓದಿ, ‘ಅಳಿಸ್ಬಹುದಂತಲ್ಲ, ಮತ್ಯಾಕೆ ಕೊಯ್ಬೇಕು? ಆ ಔಷಧಿನೇ ಕೊಡಿ ಅನ್ನೋಣ’ ಅಂದರು. ನಮ್ಮ ‘-ಬಹುದು’ ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕುತ್ತದೆ. ‘ಒಳಗೆ ಬರಬಹುದು’ ಅಂದರೆ ಒಪ್ಪಿಗೆ, ‘ಮಳೆ ಬರಬಹುದು’ ಅಂದರೆ ಊಹೆ, ‘ಇದನ್ನು ತೊಳೆಯಬಹುದು’ ಅಂದರೆ ಇವತ್ತೇ ಆಗುವ ಕೆಲಸ. ವೈದ್ಯಕೀಯ ಬರಹದಲ್ಲಿ ಇದನ್ನು ಬೇರೆ ಬೇರೆ ಮಾಡಿಯೇ ಬರೆಯಬೇಕು. ನಾನು ಹೀಗೆ ತಿದ್ದಿದ್ದೇನೆ: ‘ಈ ಗುರುತುಗಳನ್ನು ಅಳಿಸುವ ಔಷಧ ಬಾಯಿ ಕ್ಯಾನ್ಸರ್‌ಗೆ ಇನ್ನೂ ಬಳಕೆಗೆ ಬಂದಿಲ್ಲ. ವಿಜ್ಞಾನಿಗಳು ಪ್ರಯತ್ನಿಸುತ್ತಿದ್ದಾರೆ.’

ಅಳಿಸುವುದರ ಜೊತೆಗೆ ಇನ್ನೊಂದು ಕ್ರಿಯಾಪದ ಸಿಕ್ಕಿತು: ಮಾಸು. ಬೀಡಿ ಸಿಗರೇಟು ಸೇದುವವರ ರಕ್ತದ ಕೋಶಗಳಲ್ಲಿ ಎಎಚ್‌ಆರ್‌ಆರ್ ಅನ್ನುವ ಜೀನಿನ ಮೀಥೈಲ್ ಗುರುತು ಬದಲಾಗುತ್ತದೆ. ಸೇದುವುದು ಬಿಟ್ಟ ಮೇಲೆ ವರ್ಷಗಳು ಕಳೆದ ಹಾಗೆ ಅದು ನಿಧಾನವಾಗಿ ಹಿಂದಿನ ಸ್ಥಿತಿಯ ಕಡೆಗೆ ಬರುತ್ತದೆ. ಇದಕ್ಕೆ ‘ಗುರುತು ಮಾಸುತ್ತದೆ’ ಅಂದರೆ ಎಷ್ಟು ಸರಿಯಾಗಿ ಕೂರುತ್ತದೆ ನೋಡಿ. ಗಾಯ ಮಾಯುತ್ತದೆ, ಕಲೆ ಮಾಸುತ್ತದೆ. ಅಳಿಸಲು ಒಬ್ಬರು ಬೇಕು, ಮಾಸುವುದು ತಾನಾಗಿ ಆಗುತ್ತದೆ.

‘ತಲೆ ಮತ್ತು ಕತ್ತಿನ ಕ್ಯಾನ್ಸರ್’ ಬಗ್ಗೆಯೂ ಒಂದು ಮಾತು. ವೈದ್ಯರ ಲೆಕ್ಕದಲ್ಲಿ ಅದರೊಳಗೆ ತುಟಿ, ನಾಲಿಗೆ, ಒಸಡು, ಅಂಗುಳು, ಟಾನ್ಸಿಲ್, ಗಂಟಲು, ಧ್ವನಿಪೆಟ್ಟಿಗೆ, ಮೂಗಿನ ಒಳಭಾಗ, ಜೊಲ್ಲಿನ ಗ್ರಂಥಿ ಬರುತ್ತವೆ. ಮಿದುಳು ಬರುವುದಿಲ್ಲ. ಆದರೆ ನೆಂಟರೆಲ್ಲ ಫೋನ್ ಮಾಡಿ ಕೇಳಿದ್ದು ‘ತಲೇಲಿ ಗಡ್ಡೆಯಂತೆ, ಹೌದಾ?’ ಅಂತ. ಕತ್ತು, ಕುತ್ತಿಗೆ, ಕೊರಳು ಮೂರೂ ನಮಗೆ ಹೊರಗಿನಿಂದ ಕಾಣುವ ಭಾಗ. ಕಾಯಿಲೆ ಇರುವುದು ಒಳಗೆ, ಗಂಟಲಲ್ಲಿ. ‘ಬಾಯಿ, ಗಂಟಲ ಕ್ಯಾನ್ಸರ್’ ಅಂದರೆ ಮೂಗು, ಜೊಲ್ಲಿನ ಗ್ರಂಥಿ ಬಿಟ್ಟುಹೋಗುತ್ತವೆ ಅಂತ ವೈದ್ಯರ ಆಕ್ಷೇಪ. ಆದರೆ ನಮ್ಮ ದೇಶದಲ್ಲಿ ಬಾಯಿ ಕ್ಯಾನ್ಸರ್ ಒಂದೇ ವರ್ಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಜನಕ್ಕೆ ಬರುತ್ತಿದೆ. ಹೆಸರು ಅವರಿಗೆ ಮೊದಲು ಅರ್ಥವಾಗಲಿ. ಉಳಿದದ್ದನ್ನು ಕೆಳಗೆ ಒಂದು ಸಾಲಿನಲ್ಲಿ ಸೇರಿಸುತ್ತೇನೆ.

ಶೀರ್ಷಿಕೆಯ ‘ಪಾತ್ರ’ ತೆಗೆದು ‘ಪಾಲು’ ಮಾಡಿದ್ದೇನೆ. ಕೈವಾಡ ಅನ್ನೋಣವೆಂದರೆ ಅದು ಯಾರೋ ಬೇಕಂತ ಮಾಡಿದ ಹಾಗೆ ಕೇಳಿಸುತ್ತದೆ.

ಪಿ16ಗೆ ಮತ್ತೆ ಬರುತ್ತೇನೆ, ಅಲ್ಲಿ ‘ಪಾಸಿಟಿವ್’ ಅನ್ನುವ ಪದದ ಕಾಟ ಇದೆ. ಎಚ್‌ಪಿವಿ ಅನ್ನುವ ವೈರಸ್‌ನಿಂದಲೂ ಗಂಟಲ ಹಿಂಭಾಗದಲ್ಲಿ, ಟಾನ್ಸಿಲ್‌ನಲ್ಲಿ ಕ್ಯಾನ್ಸರ್ ಬರುತ್ತದೆ. ಅಮೆರಿಕದಲ್ಲಿ ಆ ಜಾಗದ ಕ್ಯಾನ್ಸರ್‌ಗಳಲ್ಲಿ ಸುಮಾರು ನೂರಕ್ಕೆ 70ರಷ್ಟು ಇದರಿಂದಲೇ. ಆ ವೈರಸ್ ಕೋಶದ ಇನ್ನೊಂದು ಕಾವಲನ್ನು ಕೆಡಿಸುತ್ತದೆ, ಅದರಿಂದ ಪಿ16 ಕಡಿಮೆಯಾಗುವ ಬದಲು ಹೆಚ್ಚಾಗಿಬಿಡುತ್ತದೆ. ಅದನ್ನು ಪಿ16 ಪಾಸಿಟಿವ್ ಅನ್ನುತ್ತಾರೆ. ಈ ಬಗೆಯ ಗಂಟಲ ಕ್ಯಾನ್ಸರ್ ಸಾಮಾನ್ಯವಾಗಿ ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತದೆ. ಆದರೆ ಕೊರೊನಾ ಬಂದು ಹೋದ ಮೇಲೆ ನಮ್ಮ ಕಿವಿಗೆ ಪಾಸಿಟಿವ್ ಅಂದರೆ ಕೆಟ್ಟ ಸುದ್ದಿ. ವಾರ್ಡಿನಲ್ಲಿ ಪಕ್ಕದ ಹಾಸಿಗೆಯವರ ಮನೆಯವರು ರಿಪೋರ್ಟಿನಲ್ಲಿ ಆ ಪದ ನೋಡಿ ಅತ್ತಿದ್ದನ್ನು ನಾನೇ ಕಂಡಿದ್ದೇನೆ. ‘ಪಿ16 ಹೆಚ್ಚಿದೆ’ ಅಂದರೆ ಸಾಕೇ? ಹೆಚ್ಚಿದೆ ಅಂದರೂ ಬಿಪಿ, ಶುಗರ್ ಹೆಚ್ಚಾದ ಹಾಗೆ ಕೇಳಿಸುತ್ತದೆಯೇ? ‘ಪಿ16 ಕಾಣಿಸಿದೆ’ ಅನ್ನಬಹುದೇ? ಇದಕ್ಕೆ ನನ್ನ ಹತ್ತಿರ ಒಳ್ಳೆಯ ಪದ ಇಲ್ಲ.

ಕೊನೆಯದಾಗಿ ತಾಯಿಕೋಶ, ಮಗಳುಕೋಶ. ಕೆಲವು ಪಠ್ಯಗಳಲ್ಲಿ ಮಾತೃಕೋಶ, ಮರಿಕೋಶ ಅಂತಿದೆ. ಮರಿಕೋಶ ಎಷ್ಟೋ ವಾಸಿ. ಆದರೂ ಮರಿಗೆ ಒಬ್ಬ ತಾಯಿ ಇದ್ದೇ ಇರುತ್ತಾಳೆ. ಕೋಶ ಒಡೆಯುವಾಗ ತಾಯಿ ಉಳಿಯುವುದೇ ಇಲ್ಲ, ಅದೇ ಎರಡಾಗುತ್ತದೆ. ‘ಒಂದು ಕೋಶ ಎರಡಾದಾಗ ಎರಡರಲ್ಲೂ ಅದೇ ಗುರುತು ಇರುತ್ತದೆ’ ಅಂತ ಪದವೇ ಇಲ್ಲದೆ ಬರೆದಿದ್ದೇನೆ. ಅದರ ಕೆಳಗೆ, ದಪ್ಪ ಅಕ್ಷರದಲ್ಲಿ: ‘ಇದು ನಿಮ್ಮ ಮಕ್ಕಳಿಗೆ ಹೋಗುವುದಿಲ್ಲ.’ ಚಿಕ್ಕಮ್ಮನಿಗೆ ಓದಿ ಹೇಳಿದೆ. ‘ಇದನ್ನ ಮೊದ್ಲೇ ಬರೀಬೇಕಿತ್ತು ಅಲ್ವಾ’ ಅಂದರು. ಆ ಸಾಲನ್ನು ಈಗ ಮೊದಲ ಪುಟಕ್ಕೆ ತಂದಿದ್ದೇನೆ.

ನಿಮ್ಮಿಂದ ಬೇಕಾದದ್ದು ಇಷ್ಟು. ಮೇಲ್ಗುರುತು ನಿಮ್ಮ ಕಿವಿಗೆ ಹೇಗೆ ಕೇಳಿಸುತ್ತದೆ? ಮೈಮೇಲಿನ ಮಚ್ಚೆ ಅಂತ ತಪ್ಪು ತಿಳಿಯುವ ಅಪಾಯ ಇದೆಯೇ? ಬಾಯೊಳಗಿನ ಬಿಳಿ ಮಚ್ಚೆಯೂ ಇದೇ ಕರಪತ್ರದಲ್ಲಿ ಬರುತ್ತದೆ, ಅದಕ್ಕೇ ಈ ಅನುಮಾನ. ಧಾರವಾಡ, ಕಲಬುರಗಿ ಕಡೆಯವರು, ಮಂಗಳೂರು ಕಡೆಯವರು ಗಂಟಲಿನ ಒಳಭಾಗಕ್ಕೆ, ಬಾಯಿ ಬಿಗಿಯುವುದಕ್ಕೆ ಮನೆಯಲ್ಲಿ ಏನು ಹೇಳುತ್ತೀರಿ ಅಂತ ಬರೆಯಿರಿ. ಕರಪತ್ರ ಆ ಕಡೆಯ ರೋಗಿಗಳ ಕೈಗೂ ಹೋಗುತ್ತದೆ. ಪಾಸಿಟಿವ್‌ಗೆ ಯಾರಾದರೂ ಒಂದು ಪದ ಕೊಟ್ಟರೆ ಅದನ್ನು ಮೊದಲು ಚಿಕ್ಕಮ್ಮನ ಮುಂದೆ ಓದಿ, ಅವರು ಏನಂದರು ಅಂತ ಇಲ್ಲಿಯೇ ತಿಳಿಸುತ್ತೇನೆ.